ಗೋದಾಮಿನಿಂದ ಬಂದ ಲೆಕ್ಕ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಾನು ಸಸ್ಯಶಾಸ್ತ್ರ ಓದಿದವಳು; ದೆವ್ವದ ಮಾತೆತ್ತಿದವರನ್ನು ನಕ್ಕು ಕಳಿಸುತ್ತಿದ್ದವಳು. ಆದರೆ ಇದು ನನಗೇ ಆದದ್ದು. ಚಳ್ಳಕೆರೆಯಲ್ಲಿ, ಎರಡು ವರ್ಷದ ಹಿಂದೆ.

ಆಗ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಎರಡು ಸಲ ಫೇಲಾಗಿತ್ತು. ಈ ಸಲವೂ ಆಗದಿದ್ದರೆ ಓದು ಸಾಕು ಎಂದು ಮನೆಯಲ್ಲಿ ಹೇಳಿಯಾಗಿತ್ತು. ಮನೆ ಇರುವುದು ಬಿ.ಜಿ. ಕೆರೆಯಲ್ಲಿ, ಅವ್ವ, ತಮ್ಮ ತಿಪ್ಪೇಶ, ಒಂದು ಮಂದೆ ಕುರಿ. ಅಲ್ಲಿ ಓದಲು ಆಗದೆ ಚಳ್ಳಕೆರೆಯಲ್ಲಿ ಮುಚ್ಚಿಹೋದ ಶೇಂಗಾ ಎಣ್ಣೆ ಮಿಲ್ಲಿಗೆ ಅಂಟಿಕೊಂಡ ಕೋಣೆಯೊಂದನ್ನು ಹಿಡಿದಿದ್ದೆ. ಮಂಚದ ಪಕ್ಕದ ಗೋಡೆಯಾಚೆ ಮಿಲ್ಲಿನ ಗೋದಾಮು. ಖಾಲಿ. ಬೀಗ ಬಿದ್ದು ವರ್ಷಗಳಾಗಿದ್ದವು.

ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಆ ರಾತ್ರಿ ಮೈ ಸ್ವಲ್ಪ ಬಿಸಿ. ಕಣ್ಣು ಎಳೆಯುತ್ತಿತ್ತು. ನಿದ್ದೆ ಬಾರದಿರಲೆಂದು ಪ್ರಶ್ನೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ.

"ತಂದೆ ತಾಯಿ ಇಬ್ಬರೂ ಒಂದು ಆನುವಂಶಿಕ ರೋಗದ ವಾಹಕರು. ಮಗಳಿಗೆ ರೋಗವಿಲ್ಲ. ಅವಳು ವಾಹಕಳಾಗಿರುವ ಸಾಧ್ಯತೆ ಎಷ್ಟು?"

"ಅರ್ಧ," ಅಂದುಕೊಂಡೆ.

"ಮೂರರಾಗೆ ಎರಡು..."

ಗೋಡೆಯಾಚೆಯಿಂದ. ಗಂಡಸೋ ಹೆಂಗಸೋ ತಿಳಿಯದ, ಒಣಗಿದ ದನಿ.

ಪುಸ್ತಕದ ಹಿಂದೆ ಉತ್ತರ ನೋಡಿದೆ. ಮೂರರಲ್ಲಿ ಎರಡೇ ಸರಿ.

ಜ್ವರದ ಭ್ರಮೆ ಅಂದುಕೊಂಡೆ. ಆದರೂ, ಹೇಳಲು ನಾಚಿಕೆಯಾಗುತ್ತದೆ, ಮುಂದಿನದನ್ನೂ ಓದಿದೆ. ಉತ್ತರ ಬಂತು. ಅದರ ಮುಂದಿನದಕ್ಕೂ ಬಂತು. ನನಗೆ ಬಾರದ್ದನ್ನೇ ಹುಡುಕಿ ಹುಡುಕಿ ಓದತೊಡಗಿದೆ. ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ಕೋಣೆಯ ತುಂಬ ಬಿಸಿ ಶೇಂಗಾ ಹಿಂಡಿಯ ವಾಸನೆ... ಗಾಣ ಈಗಷ್ಟೇ ನಿಂತಂತೆ.

ಗಂಟಲು ಒಣಗಿ ಓದು ನಿಲ್ಲಿಸಿದೆ. ಆಚೆಯ ದನಿ ನಿಲ್ಲಲಿಲ್ಲ.

"ಬಿ.ಜಿ. ಕೆರೆಯಿಂದ ಒಬ್ಬ ಬೈಕಿನಾಗೆ ಹೊರಟ... ಗಂಟೆಗೆ ನಲವತ್ತು. ಅದೇ ಹೊತ್ತಿಗೆ ಚಳ್ಳಕೆರೆಯಿಂದ ಲಾರಿ... ಗಂಟೆಗೆ ಅರವತ್ತು. ಎಲ್ಲಿ ಕೂಡ್ತಾವೆ?"

ಹಾಳೆ ತಿರುವಿದೆ. ಅಂಥ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ.

"ಬ್ಯಾಗ ಹೇಳು... ಹೊರಡಾಕೆ ನಿಂತಾನೆ."

ನಮ್ಮ ಮನೆಯಲ್ಲಿ ಬೈಕಿರುವುದು ತಮ್ಮನಿಗೆ. ಫೋನ್ ಮಾಡಿದೆ.

"ಲೇ ತಿಪ್ಪೇಶ, ಎಲ್ಲಿದ್ದೀಯಾ?"

"ಮನೆ ಮುಂದೆ. ಯಾಕಕ್ಕಾ?"

ಹಿಂದೆ ಎಂಜಿನ್ ಸದ್ದು ಕೇಳುತ್ತಿತ್ತು.

"ಬೈಕ್ ತೆಗ್ದಿದ್ದೀಯಾ?"

"ನಿಂಗ್ಯಾರು ಹೇಳಿದ್ರು? ಅವ್ವಂಗೂ ಹೇಳಿಲ್ಲ ನಾನು. ಸಂಜೆ ಮೈ ಬಿಸಿ ಐತೆ ಅಂದ್ಯಲ್ಲ, ಆಸ್ಪತ್ರೆಗೆ ತೋರಿಸ್ಕೊಂಡು ಬರಾನ ಅಂತ..."

"ಬರಬ್ಯಾಡ. ಆಫ್ ಮಾಡು."

"ಅಕ್ಕಾ, ಏನಾತು?"

"ಕೀ ಅವ್ವನ ಕೈಗೆ ಕೊಡು. ನನ್ನಾಣೆ."

ಎಂಜಿನ್ ನಿಂತಿತು. ಆ ಕ್ಷಣಕ್ಕೇ ವಾಸನೆಯೂ ಹೋಯಿತು. ಗೋಡೆಯಾಚೆ ಯಾರೋ ದೀರ್ಘವಾಗಿ ಉಸಿರು ಬಿಟ್ಟಂತಾಯಿತು... ನೆಮ್ಮದಿಯೋ, ನಿರಾಸೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಗಿನವರೆಗೂ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಕೋಣೆಯ ಮಾಲೀಕರು ಗೋದಾಮಿನ ಬೀಗ ತೆಗೆಸಿದರು. ನೆಲದ ಮೇಲೆ ಬೆರಳು ದಪ್ಪ ದೂಳು. ಒಂದು ಹೆಜ್ಜೆ ಗುರುತಿಲ್ಲ.

"ಜ್ವರ ಕಣಮ್ಮಾ, ಓದಿ ಓದಿ ಹಿಂಗಾಗೈತೆ," ಅಂದರು.

ಅವತ್ತು ಆ ರಸ್ತೆಯಲ್ಲಿ ಯಾವ ಅಪಘಾತವೂ ಆಗಿರಲಿಲ್ಲ. ಕೋಣೆ ಬಿಟ್ಟೆ. ಪರೀಕ್ಷೆ ಪಾಸಾಯಿತು.

ಜ್ವರವೇ ಇರಬಹುದು. ಆದರೆ ತಿಪ್ಪೇಶ ಬೈಕ್ ತೆಗೆದದ್ದು ಜ್ವರಕ್ಕೆ ಹೇಗೆ ಗೊತ್ತಾಯಿತು?

ಆ ಲೆಕ್ಕವನ್ನು ಆಮೇಲೆ ಬಿಡಿಸಿದೆ. ಎರಡು ಊರಿನ ನಡುವಿನ ದೂರ ಗೊತ್ತಿದ್ದರೆ ಎರಡು ನಿಮಿಷದ ಕೆಲಸ. ಉತ್ತರ ಬರುವ ಜಾಗದಲ್ಲಿ ರಸ್ತೆಗೆ ಒಂದು ಸಣ್ಣ ಮೋರಿ ಇದೆ. ಕುರಿ ಸಂತೆಗೆಂದು ತಿಪ್ಪೇಶ ವಾರವಾರವೂ ಅದರ ಮೇಲೆಯೇ ಹಾದುಹೋಗುತ್ತಾನೆ. ಜಾಗ ಯಾವುದೆಂದು ಅವನಿಗೆ ನಾನಿನ್ನೂ ಹೇಳಿಲ್ಲ...