ಪಕ್ಕದ ಮನೆಯ ಮದ್ದಿನ ಡಬ್ಬಗಳು

ಕಳೆದ ಭಾನುವಾರ ಮಗಳು ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಉಗುರುಬಣ್ಣ ಅಳಿಸುತ್ತಿದ್ದಳು. ಪಕ್ಕದಲ್ಲಿ ಆ ದ್ರವದ ಬಾಟಲಿ ತೆರೆದೇ ಇತ್ತು. ಅಡುಗೆಮನೆಯಿಂದ ಬಂದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂಗಿಗೆ ಚುರುಕ್ಕೆಂದು ಹತ್ತಿ, ಆಮೇಲೆ ಸ್ವಲ್ಪ ಸಿಹಿಯಾಗಿ ಉಳಿದುಕೊಳ್ಳುವ ವಾಸನೆ. "ಮುಚ್ಚೇ ಅದನ್ನ, ಮೊದ್ಲು ಮುಚ್ಚು!" ಎಂದೆ. ಅಗತ್ಯಕ್ಕಿಂತ ಜೋರಾಗಿಯೇ ಹೇಳಿರಬೇಕು. ಅವಳು ತಲೆಯೆತ್ತಿ, "ಅಮ್ಮಾ, ಇಟ್ಸ್ ಜಸ್ಟ್ ರಿಮೂವರ್" ಎಂದಳು. ನಿಜ, ಅವಳಿಗೆ ಅದು ಅಷ್ಟೇ. ನನಗೆ ಮಾತ್ರ ಬಂದೂಕಿನ ಮದ್ದಿನ ಡಬ್ಬದ ಮುಚ್ಚಳ ತಿರುಗಿಸಿದಾಗ ಬರುತ್ತಿದ್ದ ವಾಸನೆ ಅದು. ಪಕ್ಕದ ಮನೆಯಾಕೆಯ ನೆಲಮಾಳಿಗೆಯ ವಾಸನೆ...

ಎರಡು ಸಾವಿರದ ದಶಕದ ನಡುವಿನ ಮಾತು. ಬೆಂಗಳೂರಿನಿಂದ ವರ್ಕ್ ಪರ್ಮಿಟ್ ಮೇಲೆ ಬಂದು ನಾನು ಸ್ವೀಡನ್ನಿನ ವೆಸ್ಟೆರಾಸ್‌ನ ಒಂದು ಕಂಪನಿಯಲ್ಲಿ ವಿದ್ಯುತ್ ರಿಲೇಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಗಂಡನಿಗೆ ಸ್ಟಾಕ್‌ಹೋಮ್‌ನಲ್ಲಿ ಕೆಲಸ, ದಿನಾ ರೈಲು. ಮಗಳಿಗೆ ನಾಲ್ಕು ವರ್ಷ, ಅಲ್ಲಿನ ಶಿಶುವಿಹಾರ ದಾಗಿಸ್‌ಗೆ ಹೋಗುತ್ತಿದ್ದಳು. ನಾವಿದ್ದದ್ದು ಸಾಲುಮನೆಯಲ್ಲಿ. ನಮಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆಕೆ ಅಲ್ಲಿ ಒಬ್ಬಳೇ ಇದ್ದಳು. ಅರವತ್ತು ದಾಟಿದ, ನಿವೃತ್ತಳಾದ ಹೆಂಗಸು, ಎತ್ತರದ ಆಳು, ಗಂಡಸರ ಥರ ಕತ್ತರಿಸಿದ ಬಿಳಿ ಕೂದಲು. ನಾವು ಬಂದ ಮೂರನೆಯ ವಾರ ಆಕೆ ಉದ್ದನೆಯ ಚೀಲವೊಂದನ್ನು ಕಾರಿಗೆ ಹಾಕುವುದನ್ನು ನೋಡಿ, ಇದೇನೋ ಸಂಗೀತದ ವಾದ್ಯ ಎಂದುಕೊಂಡು ಕೇಳಿಯೂಬಿಟ್ಟೆ. ಆಕೆ ಚೀಲದ ಜಿಪ್ಪು ಎಳೆದು ರೈಫಲ್ ತೋರಿಸಿದಳು.

ನಾನು ಸ್ವಭಾವತಃ ಪುಕ್ಕಲಿ. ಒಲೆ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡಿ, ಬಸ್‌ಸ್ಟಾಪಿನಿಂದ ವಾಪಸು ಬಂದು ನಾಲ್ಕನೆಯ ಸಲ ನೋಡುವವಳು. ಪಕ್ಕದ ಮನೆಯಲ್ಲಿ ರೈಫಲ್ ಇದೆ, ಪಿಸ್ತೂಲು ಇದೆ, ಅದೂ ಸಾಲದೆಂಬಂತೆ ಆಕೆ ತೋಟಾಗಳನ್ನು ಮನೆಯಲ್ಲೇ ತಯಾರಿಸುತ್ತಾಳೆ ಎಂದು ತಿಳಿದ ಮೇಲೆ ಆ ಗೋಡೆಯ ಕಡೆ ಇದ್ದ ಮಗಳ ಮಂಚವನ್ನು ಎದುರು ಬದಿಗೆ ತಳ್ಳಿದೆ. ಗಂಡ ನಕ್ಕ. "ಲೈಸೆನ್ಸ್ ಇರುತ್ತೆ ಕಣೇ, ಇದು ಸ್ವೀಡನ್. ಇಲ್ಲಿ ನಾಯಿಗೂ ಪೇಪರ್ಸ್ ಇರುತ್ತೆ" ಎಂದ. ಪರವಾನಗಿ ಇತ್ತು, ನಿಜ. ಪಿಸ್ತೂಲು ಕ್ಲಬ್ಬಿನ ಗುರಿ ಸ್ಪರ್ಧೆಗೆ, ರೈಫಲ್ ಅಕ್ಟೋಬರಿನ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ. ಮಂಚ ಮಾತ್ರ ಎದುರು ಬದಿಯಲ್ಲೇ ಉಳಿಯಿತು.

ಆದರೆ ಮನುಷ್ಯರನ್ನು ಅವರ ಕಪಾಟಿನಿಂದ ಅಳೆಯಲಾಗುವುದಿಲ್ಲವಲ್ಲ. ನನ್ನ ಮೀಟಿಂಗ್ ಮುಗಿಯದ ದಿನ, ಗಂಡನ ರೈಲು ತಡವಾದ ದಿನ, ದಾಗಿಸ್‌ನಿಂದ ಮಗಳನ್ನು ಕರೆತರುತ್ತಿದ್ದವಳು ಆಕೆಯೇ. ಮೊದಲು ಒಂದು ಸಲ, ಆಮೇಲೆ ಪ್ರತಿ ಬುಧವಾರ. ಮಗಳು ಆಕೆಯ ತೊಡೆಯ ಮೇಲೆ ಕೂತು ಸ್ವೀಡಿಷ್ ಕಲಿತಳು. ನನ್ನ ಅರೆಬರೆ ಸ್ವೀಡಿಷ್ ಮತ್ತು ಆಕೆಯ ಶಾಲೆಯ ಕಾಲದ ಇಂಗ್ಲಿಷ್ ಸೇರಿಸಿಕೊಂಡು ನಾವಿಬ್ಬರೂ ಗಂಟೆಗಟ್ಟಲೆ ಹರಟುತ್ತಿದ್ದೆವು. ನನ್ನ ಚಿತ್ರಾನ್ನ ಆಕೆಗೆ ಪ್ರಾಣ. ಆಕೆಯ ಮೂಸ್ ಮಾಂಸ ನಾನು ಮುಟ್ಟುವುದಿಲ್ಲ ಎಂಬುದನ್ನು ಆಕೆ ಒಂದು ದಿನವೂ ತಮಾಷೆ ಮಾಡಲಿಲ್ಲ.

ಎರಡನೆಯ ವರ್ಷ ಆಕೆ ಫಿಕಾಗೆ, ಅಂದರೆ ಅಲ್ಲಿನವರ ಕಾಫಿ-ತಿಂಡಿಗೆ, ಕರೆದು, ಕಾಫಿ ಸುರಿಯುವಾಗ ಲೋಟದ ಹೊರಗೆ ಸುರಿದಳು. ಒರೆಸಲಿಲ್ಲ. "ದೂರದ್ದು ಚೆನ್ನಾಗಿ ಕಾಣುತ್ತೆ. ಹತ್ತಿರದ್ದು, ಅದರಲ್ಲೂ ನಡುವಿನದು, ಅಳಿಸಿಹೋಗ್ತಾ ಇದೆ" ಎಂದಳು. ಕಣ್ಣಿನ ಡಾಕ್ಟರಿಗೆ ತೋರಿಸಿರಲಿಲ್ಲ. ತೋರಿಸಿದರೆ ಅವರು ಪೊಲೀಸರಿಗೆ ತಿಳಿಸುತ್ತಾರೆ, ಬಂದೂಕಿನ ಪರವಾನಗಿ ಹೋಗುತ್ತದೆ. ಅಪ್ಪನ ಜೊತೆ ಹನ್ನೆರಡನೆಯ ವಯಸ್ಸಿನಿಂದ ಹೋಗುತ್ತಿದ್ದ ಬೇಟೆ, ಅದೇ ಗುಂಪು, ಅದೇ ಕಾಡು. "ಇನ್ನು ಒಂದೇ ಒಂದು ಅಕ್ಟೋಬರ್" ಎಂದಳು. ತೋಟಾ ತುಂಬುವಾಗ ಈ ಒಂದು ಸಲ ತಕ್ಕಡಿಯ ಅಂಕಿ, ಡಬ್ಬದ ಚೀಟಿ ಓದಿಕೊಡು, ಸಾಕು ಎಂದು ಕೇಳಿದಳು. ನನ್ನ ಮಗಳನ್ನು ಅಷ್ಟು ಸಲ ಕೈಹಿಡಿದು ಕರೆತಂದವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಾನೂನಿನ ಪ್ರಕಾರ ನಾನು ಆ ಡಬ್ಬಗಳನ್ನು ಮುಟ್ಟಬಹುದಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ನೆಲಮಾಳಿಗೆ ದೇವರಮನೆಯಷ್ಟು ಚೊಕ್ಕಟವಾಗಿತ್ತು. ಒಂದು ಮೇಜು, ಮೇಜಿಗೆ ಬಿಗಿದ, ತೋಟಾ ಒತ್ತುವ ಕೈಯಂತ್ರ, ಮದ್ದು ಅಳೆದು ಸುರಿಯುವ ಇನ್ನೊಂದು ಯಂತ್ರ, ಪುಟ್ಟ ತಕ್ಕಡಿ, ಬೀಗವಿದ್ದ ಮರದ ಕಪಾಟು. ಮದ್ದುಗಳಲ್ಲಿ ಚುರುಕಿನವು, ನಿಧಾನದವು ಎಂದು ಉಂಟು ಎಂಬುದು ನನಗೆ ತಿಳಿದದ್ದೇ ಅಲ್ಲಿ. ಪಿಸ್ತೂಲಿನ ಗಿಡ್ಡ ನಳಿಗೆಗೆ ಚುರುಕಾಗಿ ಉರಿದು ಮುಗಿಯುವ ಮದ್ದು ಬೇಕು. ರೈಫಲ್‌ನ ಉದ್ದ ನಳಿಗೆಗೆ ನಿಧಾನವಾಗಿ ಉರಿದು ಗುಂಡನ್ನು ಕೊನೆಯವರೆಗೂ ತಳ್ಳುವ ಮದ್ದು. ತೆಂಗಿನ ಗರಿಯ ಉರಿಗೂ ಮರದ ಕೊರಡಿನ ಉರಿಗೂ ಇರುವ ವ್ಯತ್ಯಾಸ ಎಂದು ನಾನು ಅರ್ಥ ಮಾಡಿಕೊಂಡೆ. ಪಿಸ್ತೂಲಿನದನ್ನು ರೈಫಲ್ ತೋಟಾಕ್ಕೆ ತುಂಬಿದರೆ? ಎಂದು ಕೇಳಿದೆ. ಆಕೆ ತನ್ನ ಕೆನ್ನೆ ಮುಟ್ಟಿಕೊಂಡು, "ಬಂದೂಕು ಇಲ್ಲೇ ಒಡೆಯುತ್ತೆ" ಎಂದಳು. ಅದಕ್ಕೇ ಆಕೆಯದು ಒಂದೇ ನಿಯಮ. ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬ. ಮಿಕ್ಕಿದ್ದನ್ನು ಅದರ ಡಬ್ಬಕ್ಕೇ ಸುರಿದು, ಮುಚ್ಚಿ, ಕಪಾಟಿಗೆ ಸೇರಿಸಿ, ಬೀಗ ಹಾಕಿ, ಆಮೇಲೆ ಇನ್ನೊಂದು.

ಆ ವರ್ಷ ಆಕೆ ಮೊದಲಿನಿಂದ ಬಳಸುತ್ತಿದ್ದ ರೈಫಲ್ ಮದ್ದು ಸಿಗದಂತಾಗಿತ್ತು. ಬದಲಿಗೆ ಎರಡು ಬಗೆ ತಂದಿಟ್ಟಿದ್ದಳು. ಕೈಪಿಡಿಯ ಅಕ್ಷರ ಇರುವೆ ಸಾಲಿನಂತಿತ್ತು, ನಾನು ಓದಿ ಹೇಳಿದೆ. ಆಕೆಯ ರೈಫಲ್‌ಗೆ ಎರಡೂ ಆಗುತ್ತಿದ್ದವು. ಒಂದು ಮದ್ದು ಶಾವಿಗೆಯ ಚೂರಿನಂತೆ ಕಡ್ಡಿ ಕಡ್ಡಿ. ಇನ್ನೊಂದು ರಾಗಿಕಾಳಿನಂತೆ ಸಣ್ಣ, ದುಂಡಗೆ. ಕಡ್ಡಿಯದು ಅಳತೆಯ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲ ತೂಕದಲ್ಲಿ ಚೂರು ಹೆಚ್ಚು ಕಡಿಮೆ. ರಾಗಿಯಂಥದ್ದು ನೀರಿನ ಹಾಗೆ ಇಳಿಯುತ್ತಿತ್ತು, ಹತ್ತು ಸಲ ತೂಗಿದರೂ ಅದೇ ಅಂಕಿ. ದಿನವಿಡೀ ಅಳತೆಗಳ ಜೊತೆ ಏಗುವ ನನಗೆ ಅದನ್ನು ನೋಡಿ ಖುಷಿಯಾಗಿಹೋಯಿತು. ಇದೇ ಇರಲಿ ಎಂದೆ. ಆಕೆ ಒಪ್ಪಲಿಲ್ಲ. ಪಿಸ್ತೂಲಿನ ಮದ್ದೂ ಹೀಗೆಯೇ ದುಂಡಗಿದೆ, ಬಣ್ಣವೂ ಒಂದೇ, ಡಬ್ಬವೂ ಒಂದೇ ಥರದ ಕಪ್ಪು ಪ್ಲಾಸ್ಟಿಕ್ಕು. ಕಡ್ಡಿಯದಾದರೆ ಬೆರಳಿಗೇ ಗೊತ್ತಾಗುತ್ತದೆ ಎಂಬುದು ಆಕೆಯ ವಾದ.

"ನನ್ನ ಕಣ್ಣು ಚೆನ್ನಾಗಿದೆಯಲ್ಲ, ನಾನಿದ್ದೀನಿ" ಎಂದೆ.

ಆಕೆ ನನ್ನ ಕಡೆ ತಿರುಗಿ, ನನ್ನ ಮುಖ ಎಷ್ಟು ಕಂಡಿತೋ ಅಷ್ಟು ನೋಡಿ, ಆಗಲಿ ಎಂದಳು.

ಸೆಪ್ಟೆಂಬರಿನ ಕೊನೆಯ ಶನಿವಾರ ಕೂತೆವು. ಮೊದಲು ಕ್ಲಬ್ಬಿಗೆಂದು ಪಿಸ್ತೂಲಿನ ತೋಟಾ. ಅದು ಮುಗಿದಾಗ ಆಕೆ ಕಾಫಿಗೆ ನೀರಿಡಲು ಮೇಲೆ ಹೋದಳು. ನಾನು ಸುಮ್ಮನೆ ಕೂರುವ ಜಾತಿಯಲ್ಲ. ನಮ್ಮ ಅಡುಗೆಮನೆಗಳಲ್ಲಿ ಹುಳಿ ಇಳಿಸುವ ಮೊದಲೇ ಪಲ್ಯದ ಸಾಮಾನು ಕಟ್ಟೆಗೆ ಬಂದಿರಬೇಕು, ಇಲ್ಲದಿದ್ದರೆ ಅಮ್ಮನ ಬಾಯಿಂದ ಬೈಸಿಕೊಳ್ಳಬೇಕು. ಅದೇ ಅಭ್ಯಾಸದಲ್ಲಿ, ಆಕೆ ಬರುವಷ್ಟರಲ್ಲಿ ತಯಾರಾಗಿರಲಿ ಎಂದು ತೆರೆದಿದ್ದ ಕಪಾಟಿನಿಂದ ರೈಫಲ್ ಮದ್ದಿನ ಡಬ್ಬ ತೆಗೆದು ಮೇಜಿನ ಮೇಲೆ ಪಿಸ್ತೂಲಿನ ಡಬ್ಬದ ಪಕ್ಕದಲ್ಲಿಟ್ಟೆ, ಮುಚ್ಚಳವನ್ನೂ ತೆಗೆದೆ. ಆಮೇಲೆ ಅಳತೆಯ ಯಂತ್ರದಲ್ಲಿ ಉಳಿದಿದ್ದ ಪಿಸ್ತೂಲಿನ ಮದ್ದನ್ನು, ಒಂದು ಹಿಡಿಯಷ್ಟಿತ್ತೇನೋ, ವಾಪಸು ಸುರಿದೆ. ಸುರಿಯುತ್ತಿದ್ದಾಗಲೇ, ಮೇಲಿನ ಕೋಣೆಯಲ್ಲಿ ಆಡುತ್ತಿದ್ದ ಮಗಳು ಬಿದ್ದು ಕಿರುಚಿದಳು. ಎರಡೂ ಮುಚ್ಚಳ ಹಾಕಿ ಓಡಿದೆ. ಮೊಣಕಾಲು ತರಚಿತ್ತು, ಅಷ್ಟೇ. ಫಿಕಾ ಆಯಿತು. ನಾನೇ ಮೊದಲು ಇಳಿದುಹೋಗಿ ಪಿಸ್ತೂಲಿನ ಡಬ್ಬವನ್ನು ಒಳಗಿಟ್ಟೆ. ಆಕೆ ಬಂದು ಕೂತು ರೈಫಲ್‌ನ ನಲವತ್ತು ತೋಟಾ ತುಂಬಿದಳು. ನಾನು ಅಂಕಿ ಓದಿದೆ.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ನಿಂತಿದ್ದೆ. ಎಡಗೈಯಲ್ಲಿ ಪೆನ್ನಿನ ಮುಚ್ಚಳ ಹಿಡಿದುಕೊಂಡಿದ್ದೆ. ಇದ್ದಕ್ಕಿದ್ದಂತೆ ಶನಿವಾರದ ಮುಚ್ಚಳ ನೆನಪಾಯಿತು. ಸುರಿಯುವಾಗ ನನ್ನ ಎದುರು ಎರಡು ಡಬ್ಬ ಇದ್ದವು. ನಾನು ಯಾವುದಕ್ಕೆ ಸುರಿದೆ? ಎಡಕ್ಕಿದ್ದದ್ದಕ್ಕೋ, ಬಲಕ್ಕಿದ್ದದ್ದಕ್ಕೋ... ಕಣ್ಣು ಮುಚ್ಚಿ ಎಷ್ಟು ಯೋಚಿಸಿದರೂ ಕೈ ಕಾಣುತ್ತಿತ್ತು, ಚೀಟಿ ಕಾಣುತ್ತಿರಲಿಲ್ಲ. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಕೂತೆ.

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವನು ತಟ್ಟೆಯಿಂದ ಕೈ ತೆಗೆದ. "ನಿಂಗ್ಯಾಕೆ ಬೇಕಿತ್ತು ಇದೆಲ್ಲ? ನಮ್ಮ ಪರ್ಮನೆಂಟ್ ರೆಸಿಡೆನ್ಸ್ ಅಪ್ಲಿಕೇಶನ್ ಇನ್ನೂ ಪೆಂಡಿಂಗ್ ಇದೆ. ಪೊಲೀಸು, ಎನ್‌ಕ್ವೈರಿ ಅಂತ ನಿನ್ ಹೆಸ್ರು ಬಂದ್ರೆ?" ಎಂದ. ಆಮೇಲೆ ಸ್ವರ ತಗ್ಗಿಸಿ, "ಶ್ಯೂರ್ ಇಲ್ಲ ಅಲ್ವಾ ನಿಂಗೆ? ಸರಿಯಾದ್ದಕ್ಕೇ ಹಾಕಿರ್ತೀಯ. ಬೇಟೆಗೆ ಇನ್ನೂ ಎರಡು ವಾರ ಇದೆ, ನೋಡೋಣ" ಎಂದ. ಅವನನ್ನು ದೂರಿ ಏನು ಪ್ರಯೋಜನ, ನನಗೂ ಆ ಮಾತೇ ಬೇಕಾಗಿತ್ತು. ಒಲೆ ಆರಿದೆಯೇ ಎಂದು ಬಸ್‌ಸ್ಟಾಪಿನಿಂದ ಓಡಿಬರುವವಳು, ಒಂದು ಗೋಡೆಯಾಚೆ ಹೋಗಿ ಬಾಗಿಲು ತಟ್ಟಲಿಲ್ಲ. ಸೋಮವಾರ ಹೋಯಿತು. ಮಂಗಳವಾರ ಜ್ವರ ಬಂದವಳಂತೆ ಇದ್ದೆ. ಸಂಜೆ ಆಕೆಯ ಕಾರು ಹೊರಟು ಹೋದದ್ದು, ಒಂದೆರಡು ಗಂಟೆ ಬಿಟ್ಟು ಮರಳಿದ್ದು ಎರಡೂ ಕೇಳಿಸಿತು. ಎಲ್ಲಿಗೆ ಎಂದು ಕೇಳಿಕೊಳ್ಳುವ ಧೈರ್ಯವೂ ಇರಲಿಲ್ಲ.

ಬುಧವಾರ ಮಗಳನ್ನು ಕರೆದುಕೊಂಡು ಬರಲು ಆಕೆಯ ಮನೆಗೆ ಹೋದೆ. ಆಕೆ ಸೇಬು ಹೆಚ್ಚುತ್ತಿದ್ದಳು, ಮಗಳು ಸಿಪ್ಪೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ನಾಳೆಯೂ ಗುಂಡು ಹೊಡೆಯುವ ರೇಂಜಿಗೆ ಹೋಗಬೇಕು, ರೈಫಲ್ ಗುರಿ ಇನ್ನೊಂಚೂರು ಸರಿಮಾಡಬೇಕು ಎಂದು ಆಕೆ ಮಾಮೂಲಾಗಿ ಹೇಳಿದಳು. ನಾಳೆಯೂ... ನನಗೆ ಇನ್ನು ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟೆ. ಎರಡು ಡಬ್ಬ, ಮಗಳ ಕಿರುಚಾಟ, ನೆನಪಿಗೆ ಬಾರದ ಚೀಟಿ.

ಆಕೆ ಚಾಕು ಕೆಳಗಿಟ್ಟಳು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಯಾವಾಗ ಗೊತ್ತಾಯ್ತು ನಿನಗೆ?"

"ಈಗ. ಈಗ ಬರ್ತಾ ದಾರೀಲಿ ನೆನಪಾಯ್ತು" ಎಂದೆ.

ಆಕೆ ಉಸಿರು ಬಿಟ್ಟು ತಲೆದೂಗಿದಳು. "ನಿನ್ನೆ ರೇಂಜಿನಲ್ಲಿ ಅದರಲ್ಲಿ ಮೂರು ಹೊಡೆದೆ" ಎಂದಳು. ಆಮೇಲೆ ಕುರ್ಚಿ ಎಳೆದು ನನ್ನನ್ನು ಕೂರಿಸಿ, ನೀರು ಕೊಟ್ಟು, ತಕ್ಷಣ ಹೇಳಿದೆಯಲ್ಲ, ಅದು ದೊಡ್ಡದು ಎಂದು ನನ್ನ ಭುಜ ಒತ್ತಿದಳು. ನಾನು ಆ ನೀರು ಕುಡಿದೆ.

ಮರುದಿನ ಉಳಿದ ಮೂವತ್ತೇಳು ತೋಟಾಗಳನ್ನು ಒಂದೊಂದಾಗಿ ಬಿಚ್ಚಿದೆವು. ಮದ್ದನ್ನು ಬಿಳಿ ಕಾಗದದ ಮೇಲೆ ಸುರಿದು ನಾನು ಭೂತಗನ್ನಡಿಯಲ್ಲಿ ನೋಡಿದೆ. ಎಲ್ಲವೂ ಒಂದೇ ಥರ, ಕಪ್ಪು ರಾಗಿ. ಬೆರೆತಿತ್ತೋ ಇಲ್ಲವೋ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಎರಡೂ ಡಬ್ಬಗಳ ಮದ್ದನ್ನು ಆಕೆ ಹಿತ್ತಲಿನ ಕಲ್ಲಿನ ಮೇಲೆ ತೆಳ್ಳಗೆ ಹರಡಿ, ಸ್ವಲ್ಪ ಸ್ವಲ್ಪವಾಗಿ ಸುಟ್ಟಳು. ಆ ವರ್ಷ ಬೇಟೆಗೆ ಹೋಗಲಿಲ್ಲ. ಚಳಿಗಾಲಕ್ಕೆ ಮುಂಚೆ ತಾನಾಗಿಯೇ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದು, ಬಂದೂಕುಗಳನ್ನು ಒಪ್ಪಿಸಿದಳು. "ನಿನ್ನಿಂದ ಅಲ್ಲ" ಎಂದು ಎರಡು ಸಲ ಹೇಳಿದಳು. ಅಕ್ಟೋಬರಿನಲ್ಲಿ ಆಕೆಯ ಬೇಟೆಯ ಗುಂಪಿನವರು ಕಾಡಿಗೆ ಹೊರಟ ಬೆಳಿಗ್ಗೆ ಆಕೆ ಮೆಟ್ಟಿಲ ಮೇಲೆ ಬೂಟು ಹಾಕಿಕೊಂಡು ಸುಮ್ಮನೆ ಕೂತಿದ್ದಳು. ನಾನು ಕಿಟಕಿಯಿಂದ ನೋಡಿ ಪರದೆ ಎಳೆದೆ.

ನಮಗೆ ಪರ್ಮನೆಂಟ್ ರೆಸಿಡೆನ್ಸ್ ಬಂತು. ಆಕೆಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಕ್ಲಬ್ಬಿನವರೆಲ್ಲ ಸೇರಿದ್ದಾಗ, ಆಕೆ ನನ್ನ ಕೈ ಹಿಡಿದು ಎಲ್ಲರಿಗೂ ಪರಿಚಯ ಮಾಡಿಸಿದಳು. ಈಕೆಯಿಂದ ನಾನು ಉಳಿದಿದ್ದೇನೆ, ತಪ್ಪು ಹೊಳೆದ ಆ ನಿಮಿಷವೇ ಓಡಿಬಂದು ಹೇಳಿದವಳು ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಒಳಗೆ ಕರೆದುಕೊಂಡು ಹೋಗಿ ನಿಜ ಹೇಳಬಹುದಿತ್ತು. ಮುಂದಿನ ವಾರ ಹೇಳೋಣ ಎಂದುಕೊಂಡೆ. ಹಾಗೆ ಎಷ್ಟು ವಾರ...

ನಾವು ಊರಿನ ಇನ್ನೊಂದು ಬದಿಗೆ ಮನೆ ಬದಲಿಸಿದೆವು. ಆಕೆ ವೃದ್ಧರ ವಸತಿಗೆ ಹೋದಳು. ಕೊನೆಕೊನೆಗೆ ನನ್ನನ್ನು ಸ್ವರದಿಂದಲೇ ಗುರುತಿಸುತ್ತಿದ್ದಳು. ತೀರಿಕೊಂಡು ಈಗ ಕೆಲವು ವರ್ಷ. ಚರ್ಚಿನಲ್ಲಿ ಎಲ್ಲ ಮುಗಿದ ಮೇಲೆ ಕಾಫಿ ಕೊಟ್ಟರು. ಆಕೆಯ ಮಗಳು ಬೇರೆ ಊರಿನಿಂದ ಬಂದಿದ್ದಳು, ನನ್ನನ್ನು ಹುಡುಕಿಕೊಂಡು ಬಂದು ಅಪ್ಪಿಕೊಂಡಳು. "ಗೊತ್ತಾದ ತಕ್ಷಣ ಹೇಳಿದವರು ನೀವೇ ಅಲ್ವಾ? ಅಮ್ಮ ಯಾವಾಗಲೂ ಹೇಳ್ತಿದ್ದಳು" ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಭಾನುವಾರ ಕೂಗಾಡಿದ್ದಕ್ಕೆ ಮಗಳು ಕಾರಣ ಕೇಳಿದಳು. ಅವಳಿಗೆ ಪಕ್ಕದ ಮನೆಯಾಕೆಯ ತೊಡೆ ನೆನಪಿದೆ, ಸೇಬಿನ ಸಿಪ್ಪೆ ನೆನಪಿದೆ. ಅವಳಿಗೆ ಮೊದಲ ಸಲ ಪೂರ್ತಿ ಹೇಳಿದೆ. ಕೇಳಿ ಮುಗಿಸಿ ಅವಳು ಎದ್ದು ತನ್ನ ಕೋಣೆಗೆ ಹೋದಳು. ಹೇಳಬೇಕಾಗಿದ್ದದ್ದು ಅವಳಿಗಲ್ಲ. ಆಕೆ ಬದುಕಿದ್ದಾಗ ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ಗೊತ್ತಾಯ್ತು ಎಂದು. ಅದಕ್ಕೆ ಉತ್ತರ ಸೋಮವಾರ ಎಂಬುದಾಗಿತ್ತು.