ಕನ್ನಡಿ ಕೀಳದ ಜೋಹರಾಬಿ

ಗಂಡ ತೀರಿಕೊಂಡ ಮೇಲೆ ನಾನು ತಾಂಬಾ ಊರಿಗೆ, ಅಣ್ಣನ ಮನೆಗೆ ಬಂದ ದಿನವೇ ಜೋಹರಾಬಿಯನ್ನು ಮೊದಲು ಕಂಡದ್ದು. ಪಕ್ಕದ ಮನೆಯ ಅಂಗಳದಲ್ಲಿ ಹಲಗೆಯೊಂದನ್ನು ಕಾಲಿನಲ್ಲಿ ಒತ್ತಿ ಹಿಡಿದು, ಉಳಿಯಿಂದ ಬಳ್ಳಿಯ ಚಿತ್ತಾರ ಕೊರೆಯುತ್ತಿದ್ದಳು. ಹೆಂಗಸಿನ ಕೈಯಲ್ಲಿ ಉಳಿಯನ್ನು ನಾನು ನೋಡಿರಲಿಲ್ಲ. ನಿಂತುಬಿಟ್ಟೆ.

“ನೆಳ್ಳ ಬೀಳಾಕತ್ತೈತಿ, ತಂಗಿ. ಈ ಕಡೆ ಬಂದು ಕುಂದ್ರು,” ಅಂದಳು. ಹಣೆ ಯಾಕೆ ಬರಿದು ಎಂದು ಕೇಳಲಿಲ್ಲ.

ಅವಳ ಗಂಡ ಮಶಾಕಸಾಬ ಇಂಡಿ ಊರಿನ ಸಂತೆಗೆ ಗಾಡಿ ಹೊಡೆಯುತ್ತಿದ್ದ. ಬರುವಾಗ ಹಳೆಯ ಬಾಗಿಲು, ಮುರಿದ ತೊಟ್ಟಿಲು, ಏನು ಸಿಕ್ಕರೂ ಅವಳ ಪೆಟ್ಟಿಗೆಗೆಂದು ತರುತ್ತಿದ್ದ. “ನಮ್ಮ ಮನ್ಯಾಗ ಪೆಟಗಿ ಮೊದಲ, ರೊಟ್ಟಿ ಆಮ್ಯಾಲ,” ಎಂದು ನಗುತ್ತಿದ್ದ. ಹಾಗೇನಿಲ್ಲ, ರೊಟ್ಟಿ ಬಡಿದು, ಎಮ್ಮೆ ಹಿಂಡಿದ ಮೇಲೇ ಅವಳು ಉಳಿ ಹಿಡಿಯುತ್ತಿದ್ದದ್ದು. ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಯ ಹಲ್ಲಿಗೆ ಹಲ್ಲು ಕೂಡಿಸಿ, ಕುಸುಬಿ ಎಣ್ಣೆ ತಿಕ್ಕಿ, ಮುಚ್ಚಳದ ಒಳಗೊಂದು ಕನ್ನಡಿ ಕೂಡಿಸುತ್ತಿದ್ದಳು. ಒಂದನ್ನೂ ಮಾರಲಿಲ್ಲ. ಓಣಿಯಲ್ಲಿ ಯಾವ ಜಾತಿಯ ಹುಡುಗಿಯ ಮದುವೆಯಾದರೂ ಜೋಹರಾಬಿಯ ಪೆಟ್ಟಿಗೆ ಬಳೆ ತುಂಬಿಕೊಂಡು ಗಂಡನ ಮನೆಗೆ ಹೋಗುತ್ತಿತ್ತು. ಅವಳಿಗಿದ್ದ ಸುಖ ಅದೊಂದೇ.

ಐವತ್ತಾರನೇ ಇಸವಿಯ ಬೇಸಿಗೆಯಲ್ಲಿ ನನಗೂ ಒಂದು ಕೊಟ್ಟಳು. ಅದರಲ್ಲೂ ಕನ್ನಡಿ ಇತ್ತು.

ಅಣ್ಣನ ಹೆಂಡತಿ ರೇವವ್ವ ವೈನಿ ಅದನ್ನು ನನ್ನ ಕೈಯಿಂದ ಕಸಿದು ಜೋಹರಾಬಿಯ ಅಂಗಳಕ್ಕೆ ನಡೆದಳು. ನಾನೂ ಹಿಂದೆ ಹೋದೆ.

“ಗಂಡ ಸತ್ತಾಕಿಗೆ ಕನ್ನಡಿ ಯಾಕ ಬೇಕ? ಕಿತ್ತು ಕೊಡು. ಇಲ್ಲಂದ್ರ ಈ ಓಣ್ಯಾಗ ಒಬ್ಬ ಮದಲಗಿತ್ತೀನೂ ನಿನ್ನ ಪೆಟಗಿ ಮುಟ್ಟೂದಿಲ್ಲ, ನೋಡು.”

ಉಳಿ ಜೋಹರಾಬಿಯ ಕೈಯಲ್ಲೇ ಇತ್ತು. ಒಮ್ಮೆ ಮೀಟಿದರೆ ಕನ್ನಡಿ ಬರುತ್ತಿತ್ತು. ಅವಳು ಉಳಿಯನ್ನು ಕೆಳಗಿಟ್ಟಳು.

“ಕನ್ನಡಿ ಮಾರಿ ನೋಡತೈತಿ, ಕಣ್ಣು ಮೂಗು ನೋಡತೈತಿ, ರೇವವ್ವಾ. ಕೊಳ್ಳಾಗ ತಾಳಿ ಐತೇನಂತ ನೋಡೂದಿಲ್ಲ. ನಾ ಕೀಳೂದಿಲ್ಲ.”

“ಹಂಗಾದ್ರ ನಿನ್ನ ಪೆಟಗಿ ಎಲ್ಲಾ ಒಲಿಗೆ ಹಾಕ್ಕೋ!”

“ಹಾಕೂದಿಲ್ಲ. ಇನ್ನಷ್ಟು ಮಾಡ್ತೇನಿ.”

ಆ ವರ್ಷ ಓಣಿಯಲ್ಲಿ ಮದುವೆ ಮೇಲೆ ಮದುವೆ. ಯಾರೂ ಪೆಟ್ಟಿಗೆ ಕೇಳಲು ಬರಲಿಲ್ಲ. “ಒಂದು ಕನ್ನಡಿ ಸಲುವಾಗಿ ಇಷ್ಟು ಹಟ ಯಾಕ?” ಎಂದ ಮಶಾಕಸಾಬ. “ನೀವೂ ಹಂಗ ಅಂತೀರೇನ್ರಿ?” ಎಂದಳು. ಅವನು ಮುಂದಿನ ಸಂತೆಯಿಂದ ಚೀಲದ ತುಂಬ ಕನ್ನಡಿ ತಂದ.

“ಮದಲಗಿತ್ತ್ಯಾರು ಬ್ಯಾಡಂದ್ರ ಬ್ಯಾಡ. ನಿನ್ನಂಥಾಕಿಗಳು ಎಲ್ಲೆಲ್ಲಿ ಅದಾರ, ತೋರಸು ನಡಿ,” ಅಂದಳು ಜೋಹರಾಬಿ ನನಗೆ. ಇಬ್ಬರೂ ಹಿತ್ತಲ ಬಾಗಿಲಿಂದಲ್ಲ, ಮುಂಬಾಗಿಲಿಂದಲೇ ಹೋಗಿ ಗಂಡನಿಲ್ಲದವರಿಗೆ ಪೆಟ್ಟಿಗೆ ಕೊಟ್ಟೆವು. ಕೆಲವರು ಹೆದರಿ ಜೋಳದ ಚೀಲದ ಹಿಂದೆ ಇಟ್ಟರು. ಅವರಲ್ಲೊಬ್ಬಳಾದ ಶೇವಂತೆವ್ವ ಎಲ್ಲರಿಗೂ ಕಾಣುವ ಹಾಗೆ ಗೋಡೆಯ ಮಾಡದಲ್ಲಿ ಇಟ್ಟಳು. ನಾನು ದಿನಾ ಮುಂಜಾನೆ ಕಟ್ಟೆಯ ಮೇಲೆ ಪೆಟ್ಟಿಗೆ ತೆರೆದು ತಲೆ ಬಾಚಿದೆ. ವೈನಿ ಒದರುತ್ತಿದ್ದಳು. ಬಾಚುವುದು ಮುಗಿಯುವ ತನಕ ನಾನು ಏಳುತ್ತಿರಲಿಲ್ಲ.

ಅರವತ್ತನಾಲ್ಕನೇ ಇಸವಿಯಲ್ಲಿ ಅಣ್ಣ ತೀರಿಕೊಂಡ. ಆಗ ಜೋಹರಾಬಿ ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದಳು. ಹೊರಸಿನ ಕೆಳಗಿಂದ ಹೊಸ ಪೆಟ್ಟಿಗೆ ಎಳೆದು, “ರೇವವ್ವಗ ಕೊಟ್ಟು ಬಾ,” ಅಂದಳು.

“ಅಂಗಳಕ್ಕ ಒಗದಾಳು, ಅಕ್ಕಾ.”

“ಒಗೀಲಿ. ನೀ ಕೊಡು.”

ಕೊಟ್ಟೆ. ವೈನಿ ಬಯ್ಯಲಿಲ್ಲ, ಎಸೆಯಲೂ ಇಲ್ಲ. ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ತಿರುಗಿ ಬಂದು ಹೀಗಾಯಿತು ಎಂದೆ. ಆ ರಾತ್ರಿಯಿಂದ ಜೋಹರಾಬಿಗೆ ಮಾತು ನಿಂತಿತು. ಅದಕ್ಕೆ ಮುಂಚೆ, ತಲೆ ಎತ್ತಲಾರದೆ ನನ್ನ ಮುಂಗೈ ಹಿಡಿದು ಕೇಳಿದ್ದು ಇಷ್ಟೇ:

“ಮುಚ್ಚಳ ತಗದು ಮಾರಿ ನೋಡ್ಕೊಂಡಳೇನ?”