ಸೆರಗಿನ ತುಂಡು ಸುತ್ತಿದ ಚಿಕ್ಕಿ

ಮೊದಲು ಕಾಣೆಯಾದದ್ದು ಒಂದು ಕೆಂಪು ಚಿಕ್ಕಿ. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಅನ್ನುತ್ತೇವೆ. ಜೋಳದ ದಂಟನ್ನು ಸೀಳಿ, ಐದು ಮೂಲೆ ಬರುವಂತೆ ದಾರದಿಂದ ಬಿಗಿದು, ಮೇಲೆ ಬಟ್ಟೆಯ ತುಂಡು ಸುತ್ತಿ ಮಾಡಿದ್ದು. ಹಿಂದಿನ ದಿನ ಸಂಜೆ ಓಣಿಯ ಮಕ್ಕಳು ಅದನ್ನು ನಮ್ಮ ಮನೆಯ ಕಟ್ಟೆಯ ಮೇಲೆ ನಿಲ್ಲಿಸಿದ್ದ ಒಣ ಬೇವಿನ ಟೊಂಗೆಗೆ ಕಟ್ಟಿದ್ದರು. ಬೆಳಿಗ್ಗೆ ಕಸ ಹೊಡೆಯಲು ಬಂದಾಗ ಇರಲಿಲ್ಲ.

ನಾವು ಬಾದಾಮಿಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ನಾನು ದವಾಖಾನೆಯಲ್ಲಿ ನರ್ಸ್. ಬಾಗಲಕೋಟೆಯಿಂದ ವರ್ಗವಾಗಿ ಬಂದು ಗುಡ್ಡದ ಬುಡದ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಗಂಡ ಬಸ್ ಚಾಲಕ. ಹುನಗುಂದ, ಇಳಕಲ್ ಎಂದು ತಿರುಗಿ ವಾರಕ್ಕೊಮ್ಮೆ ಮನೆ ಮುಟ್ಟುತ್ತಿದ್ದರು. ಉಳಿದ ದಿನ ನಾನು ಮತ್ತು ಶಾಲೆಗೆ ಹೋಗುವ ಮಗಳು. ಇಡೀ ಓಣಿಯಲ್ಲಿ ಕ್ರಿಸ್‌ಮಸ್ ಮಾಡುವ ಮನೆ ನಮ್ಮದೊಂದೇ. ಹೊಸ ಊರಲ್ಲಿ ಸುಮ್ಮನಿದ್ದುಬಿಡೋಣ ಅಂದುಕೊಂಡಿದ್ದೆ. ಮಗಳು ಕೇಳಲಿಲ್ಲ. ಗೆಳತಿಯರನ್ನು ಕರೆದುಕೊಂಡು ಬಂದಳು, ಗೆಳತಿಯರು ತಮ್ಮಂದಿರನ್ನು ಕರೆತಂದರು. ದಿನಾ ಸಂಜೆ ಕಟ್ಟೆಯ ತುಂಬ ಮಕ್ಕಳು.

ಅಂಗಡಿಯಿಂದ ಏನೂ ತರಬಾರದು ಎಂದು ಮೊದಲೇ ಹೇಳಿದ್ದೆ. ಶೇಂಗಾ ಸಿಪ್ಪೆಗೆ ಬಣ್ಣ ಹಚ್ಚಿ ಮಾಲೆ ಮಾಡಿದರು. ಹಳೆಯ ಲಗ್ನಪತ್ರಿಕೆಗಳ ಮಿರಿಮಿರಿ ಕಾಗದ ಕತ್ತರಿಸಿ ಗಂಟೆ ಮಾಡಿದರು. ಖಾಲಿ ಕಡ್ಡಿಪೆಟ್ಟಿಗೆಗೆ ಕಾಗದ ಸುತ್ತಿ, ಒಳಗೆ ಬೆಲ್ಲದ ಚೂರನ್ನೋ ಗಾಜಿನ ಬಳೆಯ ತುಂಡನ್ನೋ ಇಟ್ಟು, ಅವ್ವನಿಗೆ ಕೊಡುವ ಉಡುಗೊರೆ ಎಂದು ದಾರ ಕಟ್ಟಿದರು. ಅಂಟಿಗೆ ನಾನು ಮೈದಾಹಿಟ್ಟು ಕುದಿಸಿ ಕೊಡುತ್ತಿದ್ದೆ.

ಚಿಕ್ಕಿ ಕಾಣೆಯಾದದ್ದಕ್ಕೆ ಮಕ್ಕಳ ಬಳಿ ಉತ್ತರ ತಯಾರಿತ್ತು.

"ಮಂಗ್ಯಾ ಒಯ್ದಿರಬೇಕ್ರಿ ಅಕ್ಕಾರ."

ಬಾದಾಮಿಯಲ್ಲಿ ಏನು ಕಳೆದರೂ ಮಂಗನ ಹೆಸರು ಹೇಳಿದರೆ ಮುಗಿಯಿತು. ಗುಡ್ಡದಿಂದ ಇಳಿದು ಬಂದು ಒಣಹಾಕಿದ ಬಟ್ಟೆಯನ್ನೂ ಬಿಡುವುದಿಲ್ಲ. ನಾನೂ ಒಪ್ಪಿಕೊಂಡೆ. ಮರುದಿನ ಮತ್ತೊಂದು ಚಿಕ್ಕಿ ಹೋಯಿತು. ಈಗ ನನಗೆ ಅನುಮಾನ ಹತ್ತಿತು. ಅದರ ಪಕ್ಕದಲ್ಲೇ ಶೇಂಗಾದ ಮಾಲೆ ತೂಗುತ್ತಿತ್ತು. ಶೇಂಗಾದ ವಾಸನೆ ಬಿಟ್ಟು ಬಟ್ಟೆ ಸುತ್ತಿದ ದಂಟು ಒಯ್ಯುವ ಮಂಗ ಯಾವುದು? ಅದಕ್ಕಿಂತ ಹೆಚ್ಚಾಗಿ, ಟೊಂಗೆಯ ಮೇಲೆ ದಾರ ಹಾಗೇ ಇತ್ತು. ಹರಿದಿರಲಿಲ್ಲ. ಗಂಟು ಬಿಚ್ಚಿತ್ತು.

ಯಾರೋ ಮನುಷ್ಯರೇ ಎಂದು ಗೊತ್ತಾದ ಮೇಲೆ ಓಣಿಯ ಪ್ರತಿ ಮುಖವೂ ಬೇರೆಯಾಗಿ ಕಂಡಿತು. ಮೂಲೆಯ ಕಿರಾಣಿ ಅಂಗಡಿಯವನು ಆ ವಾರವಷ್ಟೇ ಕೇಳಿದ್ದ.

"ದಿನಾ ಹುಡುಗರನ್ನ ಕೂಡಿಸಿ ಏನ್ ಮಾಡಸ್ತೀರಿ ಬಾಯಾರ?"

"ಸಿಂಗಾರದ ಸಾಮಾನು ಮಾಡಸ್ತೇನ್ರಿ, ಹಬ್ಬಕ್ಕ."

"ಬರೇ ಸಿಂಗಾರದ ಸಾಮಾನು?" ಎಂದು ತಲೆ ಎತ್ತದೆ ಸಕ್ಕರೆ ತೂಗಿದ್ದ.

ಆ 'ಬರೇ' ಎಂಬ ಮಾತು ನನ್ನ ಕಿವಿಯಲ್ಲೇ ಉಳಿದಿತ್ತು. ಹಾಲು ಹಾಕುವವನು ಯಾಕೆ ಕಟ್ಟೆಯ ಹತ್ತಿರ ಬೈಕ್ ನಿಧಾನ ಮಾಡುತ್ತಾನೆ? ಎದುರು ಮನೆಯ ಕಿಟಕಿ ಸಂಜೆಯಾದೊಡನೆ ಯಾಕೆ ಅರ್ಧ ತೆರೆಯುತ್ತದೆ? ಗಂಡನಿಗೆ ಫೋನ್ ಮಾಡಿ ಹೇಳಿದರೆ, "ಟೊಂಗಿ ಒಳಗ ತಗೊಂಡು ಇಡು, ಸುಮ್ನ ಯಾಕ ತಲಿನೋವು" ಅಂದರು. ಒಳಗೆ ಇಟ್ಟರೆ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಾರೆ ಅನ್ನುವುದಿಲ್ಲವೇ? ಟೊಂಗೆ ಹೊರಗೇ ಉಳಿಯಿತು.

ಮತ್ತೊಂದು ಹೋದಾಗ ಮಗಳು ಒಂದು ಮಾತು ಹೇಳಿದಳು. "ಮಮ್ಮಿ, ಆಕಿ ಮಾಡಿದ್ದಷ್ಟ ಹೋಗಾಕತ್ತಾವ."

ಆಕಿ ಎಂದರೆ ಓಣಿಯ ಕೊನೆಯ ಮನೆಯ ಹುಡುಗಿ, ಮಗಳ ವರ್ಗದವಳು. ಮಾತು ಕಡಿಮೆ, ಕೈ ಬಲು ಚುರುಕು. ಅವಳ ಚಿಕ್ಕಿಗಳು ಎಲ್ಲವುಗಳಿಗಿಂತ ಚೆಂದ. ಯಾಕೆಂದರೆ ಅವಳು ಸುತ್ತುತ್ತಿದ್ದದ್ದು ಇಳಕಲ್ ಸೀರೆಯ ಸೆರಗಿನ ತುಂಡು, ಕೆಂಪು ರೇಷ್ಮೆಯ ಮೇಲೆ ಬಿಳಿ ತೆನೆಯ ಚಿತ್ತಾರ. ಎಲ್ಲಿಂದ ತಂದೆ ಎಂದು ಕೇಳಿದ್ದಕ್ಕೆ "ನಮ್ಮವ್ವ ಕೊಟ್ಟಾಳ್ರಿ" ಅಂದಿದ್ದಳು. ಈಗ ನನಗೆ ಅವಳ ಮೇಲೂ ಸಂಶಯ ಬಂತು. ತಾನೇ ಮಾಡಿ, ತಾನೇ ಕದ್ದು, ನಮ್ಮನ್ನು ಆಡಿಸುತ್ತಿದ್ದಾಳೆಯೇ?

ಮಾರನೆಯ ದಿನ ನನಗೆ ಬೆಳಗಿನ ಪಾಳಿ. ಬೇಗ ಎದ್ದು ಒಲೆಯ ಮೇಲೆ ಚಹಾ ಇಟ್ಟು, ಕಿಟಕಿಯ ಪರದೆ ಸರಿಸಿ ನಿಂತೆ. ಓಣಿಯ ನಳಕ್ಕೆ ನೀರು ಬರುವ ಹೊತ್ತು. ಹೆಣ್ಣುಮಕ್ಕಳು ಕೊಡ ಹಿಡಿದು ಹೋಗುತ್ತಿದ್ದರು. ಎಲ್ಲರೂ ದಾಟಿ ಹೋದ ಮೇಲೆ ಒಬ್ಬಳು ಹಿಂದೆ ಉಳಿದಳು. ಕೊಡ ಕೆಳಗಿಟ್ಟು ಅತ್ತಿತ್ತ ನೋಡಿ ಕಟ್ಟೆ ಹತ್ತಿದಳು. ಕೊನೆಯ ಮನೆಯ ಆ ಹುಡುಗಿಯ ತಾಯಿ.

ನಾನು ಬಾಗಿಲು ತೆಗೆದಾಗ ಅವಳ ಕೈಯಲ್ಲಿ ಚಿಕ್ಕಿ ಇತ್ತು.

"ಇದೇನವಾ? ಮಗಳು ಮಾಡಿದ್ದನ್ನ ನೀನ ಒಯ್ತಿ?"

ಅವಳು ಅಳಲಿಲ್ಲ, ಓಡಲೂ ಇಲ್ಲ. ಚಿಕ್ಕಿಯನ್ನು ಸೆರಗಿನೊಳಗೆ ಹಾಕಿಕೊಂಡಳು.

"ತಪ್ಪ ತಿಳಕೋಬ್ಯಾಡ್ರಿ. ಅರಬಿ ತುಂಡು ನಾನ ಕೊಟ್ಟಿದ್ದೆ. ನನ್ನ ಲಗ್ನದ ಸೀರಿ, ಹರದಿತ್ತು. ಮಗಳಿಗೆ ಬ್ಯಾಡ ಅನ್ನಾಕ ಆಗ್ಲಿಲ್ಲ. ಆದ್ರ ನಮ್ಮತ್ತಿ ನೋಡಿದ್ರ ನನ್ನ ಮನ್ಯಾಗ ಇಟಗೊಳ್ಳಂಗಿಲ್ರಿ. ಮೈಮ್ಯಾಲಿನ ಅರಬಿ ಹೊರಗಿನವ್ರ ಕೈಗೆ ಸಿಗಬಾರದಂತ."

"ಸಿಕ್ರ ಏನಾಗ್ತದ?"

"ಮಾಟ ಮಾಡಸ್ತಾರ ಅಂತಾರ್ರಿ."

ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿದ ಸದ್ದು ಕೇಳಿಸಿತು. ಆ ಅತ್ತೆಗೆ ಸಕ್ಕರೆ ಕಾಯಿಲೆ. ದವಾಖಾನೆಗೆ ಬಂದಾಗ ಅವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದವಳು ನಾನೇ. ನನ್ನ ಕೈಗೆ ಸಿಕ್ಕ ಹಳೆಯ ಪಟ್ಟಿಯಿಂದ ಆಗದ ಮಾಟ ಸೀರೆಯ ತುಂಡಿನಿಂದ ಆಗುತ್ತದೆಯೇ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳು ಕೊಡ ಎತ್ತಿಕೊಂಡು ಹೋದಳು.

ಆ ಸಂಜೆ ಮಕ್ಕಳು ಬಂದಾಗ ನಾನು ಕಟ್ಟೆಗೆ ಹೋಗಲೇ ಇಲ್ಲ. ಹಿಟ್ಟಿನ ಅಂಟು ಕೊಟ್ಟು ಒಳಗೆ ಕುಳಿತೆ. ಇಷ್ಟು ದಿನ ನನ್ನ ಕಟ್ಟೆಯ ಮೇಲೆ ಕೂತ ಮಕ್ಕಳ ಮನೆಗಳಲ್ಲಿ ಇನ್ನೂ ಏನೇನು ಮಾತು ನಡೆದಿದೆಯೋ ಎಂದು ಲೆಕ್ಕ ಹಾಕುತ್ತಿದ್ದೆ. ಹೊರಗೆ ಇದ್ದಕ್ಕಿದ್ದಂತೆ ಗದ್ದಲ ನಿಂತಿತು.

ಹೊರಗೆ ಬಂದು ನೋಡಿದರೆ ಹುಡುಗಿಯ ಅಜ್ಜಿ, ಆ ಮುದುಕಿ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು. ಹಿಂದೆ ಮುಖ ಬಿಳಿಚಿಕೊಂಡ ಸೊಸೆ. ಜೋಳ ತೆಗೆಯಲು ಹೋಗಿ ಡಬ್ಬಿಯೊಳಗೆ ಬಚ್ಚಿಟ್ಟ ಚಿಕ್ಕಿಗಳನ್ನು ಕಂಡಿದ್ದರಂತೆ. ಎಲ್ಲವನ್ನೂ ಉಡಿಯಲ್ಲಿ ತುಂಬಿಕೊಂಡು ಬಂದು ನನ್ನ ಮುಂದೆ ಸುರಿದರು.

"ನಮ್ಮ ಮನಿ ಅರಬಿ ಯಾಕ ಬೇಕಾಗಿತ್ತ ನಿನಗ, ನರ್ಸಬಾಯಿ?"

"ನಾ ಬೇಡಿಲ್ರಿ ಯವ್ವಾ. ಹುಡುಗಿ ಪ್ರೀತಿಲೆ ತಂದಾಳ."

"ಹುಡುಗಿಗೆ ಏನ್ ತಿಳೀತದ? ನಿನಗ ತಿಳಿಬೇಕಿತ್ತು."

ಹುಡುಗಿ ಕತ್ತರಿ ಹಿಡಿದು ಕಲ್ಲಿನಂತೆ ನಿಂತಿದ್ದಳು. ಏನು ಹೇಳಿದರೂ ಮುದುಕಿಯ ಕಣ್ಣುಗಳು ನಂಬುವುದಿಲ್ಲ ಎಂದು ಗೊತ್ತಿತ್ತು. ಒಳಗೆ ಹೋಗಿ ಟ್ರಂಕು ತೆಗೆದೆ. ಗಂಡ ಇಳಕಲ್‌ನಿಂದ ತಂದುಕೊಟ್ಟ ಸೀರೆ, ಹಬ್ಬಕ್ಕಷ್ಟೇ ಉಡುವುದು. ಹೊರಗೆ ತಂದು, ಹುಡುಗಿಯ ಕೈಯಿಂದ ಕತ್ತರಿ ಇಸಿದುಕೊಂಡು, ಎಲ್ಲರ ಎದುರಿಗೆ ಸೆರಗಿನ ಅಂಚಿನಿಂದ ಅಂಗೈ ಅಗಲದ ತುಂಡು ಕತ್ತರಿಸಿದೆ. ಮಗಳು "ಮಮ್ಮೀ!" ಎಂದು ಕೂಗಿದಳು.

"ತಗೋರಿ ಯವ್ವಾ. ಇದು ನನ್ನ ಮೈಮ್ಯಾಲಿನ ಅರಬಿ. ನಿಮ್ಮ ಮನ್ಯಾಗ ಇರಲಿ. ನಿಮ್ಮದು ನನ್ನ ಕಡೆ ಇರಲಿ. ನಿಮಗೇನಾರ ಆದ್ರ ನನ್ನ ಕೇಳ್ರಿ. ನನಗೇನಾರ ಆದ್ರ ನಿಮ್ಮನ್ನ ಕೇಳ್ತೇನಿ."

ಸಿಟ್ಟಿನಿಂದ ಆಡಿದ ಮಾತು ಅದು, ದೊಡ್ಡತನದಿಂದಲ್ಲ. ಮುದುಕಿ ತುಂಡು ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಬೆಳಕಿಗೆ ಎತ್ತಿ ಹಿಡಿದರು.

"ಖರೆ ರೇಷ್ಮಿ ಹೌದೇನ?"

"ಹೌದ್ರಿ."

"ಛಲೋ ಸೀರಿ ಹಾಳ ಮಾಡಿದಿ" ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊರಟವರು ಹೋಗಲಿಲ್ಲ. ಕಟ್ಟೆಯ ತುದಿಗೆ ಕೋಲು ಊರಿ ಕುಳಿತರು. ಕಡ್ಡಿಪೆಟ್ಟಿಗೆ ಒಂದೊಂದನ್ನೂ ತೆಗೆಸಿ ಒಳಗೇನಿದೆ ಎಂದು ನೋಡಿದರು. ಬೆಲ್ಲದ ಚೂರು, ಬಳೆ ತುಂಡು, ಇನ್ನೊಂದು ಬೆಲ್ಲದ ಚೂರು. ಮಕ್ಕಳು ಒಂದೊಂದಾಗಿ ತೋರಿಸಿದರು. ಕೊನೆಗೆ ಮೊಮ್ಮಗಳ ಕಡೆ ತಿರುಗಿ, "ಹಂಗ ನಿಂತಿ ಯಾಕ? ಮಾಡೂದ ಮಾಡ" ಅಂದರು. ಸೊಸೆ ನೆಲದ ಮೇಲಿನ ಚಿಕ್ಕಿಗಳನ್ನು ಆರಿಸಿ ಕಟ್ಟೆಯ ಮೇಲಿಟ್ಟಳು.

ಅಂದಿನಿಂದ ಮುದುಕಿ ದಿನಾ ಸಂಜೆ ಬಂದು ಕುಳಿತರು. ಕಣ್ಣು ಸದಾ ನನ್ನ ಕೈಗಳ ಮೇಲೆ. ವಿಚಿತ್ರವೆಂದರೆ, ಅವರು ಕಟ್ಟೆಯ ಮೇಲೆ ಕೂತದ್ದು ಕಂಡ ಮೇಲೆ ಕಿರಾಣಿ ಅಂಗಡಿಯವನೂ ತನ್ನ ಮಗನನ್ನು ಕಳಿಸಿದ. ಆ ಮುದುಕಿ ಕಾಯುವ ಜಾಗದಲ್ಲಿ ಏನೂ ನಡೆಯಲಾರದು ಎಂದು ಓಣಿಗೆ ಧೈರ್ಯ ಬಂದಿರಬೇಕು.

ಹಬ್ಬದ ದಿನ ಮಕ್ಕಳೆಲ್ಲ ಬಂದು ಕೇಕು ತಿಂದರು. ನಾನು ಬೇಕೆಂದೇ ಮೊಟ್ಟೆ ಹಾಕದೆ ಮಾಡಿದ್ದೆ. ಸಕ್ಕರೆ ಕಾಯಿಲೆ ನೆನೆದು ಮುದುಕಿಗೆ ಸಣ್ಣದೊಂದು ತುಂಡು ಒಯ್ದು ಕೊಟ್ಟೆ.

"ತತ್ತಿ ಹಾಕಿಯೇನ?"

"ಇಲ್ರಿ. ಮಸರು ಹಾಕೀನಿ."

"ಆಣಿ ಮಾಡು."

"ಮಗಳ ಮ್ಯಾಲ ಆಣಿ ಮಾಡಂಗಿಲ್ರಿ. ಬೇಕಾದ್ರ ನಂಬ್ರಿ, ಇಲ್ಲಾಂದ್ರ ಬಿಡ್ರಿ."

ಅವರು ಕೇಕಿನ ತುಂಡನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಎದ್ದರು. ತಿಂದರೋ, ಮನೆಯ ಮುಂದಿನ ಆಕಳಿಗೆ ಹಾಕಿದರೋ ನನಗೆ ತಿಳಿಯದು. ಹುಡುಗಿಯನ್ನು ಕೇಳಿದರೆ ಅವಳೂ ಹೇಳಲಿಲ್ಲ, ನಕ್ಕಳು ಅಷ್ಟೇ.